ಅರ್ಥ ಹೇಳುವ ಸರದಿ

‘ಇವರಿಗೆ ನಾಲ್ಕು ಮಾತು ಸಾಕು’ ಎನ್ನುವವರನ್ನು ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಯಾರಿಗೆ ಎಷ್ಟು ಮಾತು ಸಾಕು ಎಂದು ಅಳೆದು ಕೊಡಲಿಕ್ಕೆ ಇವರು ಯಾರು? ತಮ್ಮ ಮಕ್ಕಳಿಗಾದರೆ ಕಪಾಟು ತುಂಬ ಪುಸ್ತಕ ಬೇಕು, ಊರವರ ಮಕ್ಕಳಿಗೆ ನಾಲ್ಕು ಮಾತು ಸಾಕು. ಇದನ್ನು ನಾನು ಅಲ್ಲಿ ಇಲ್ಲಿ ಕೇಳುತ್ತಲೇ ಬೆಳೆದವಳು. ಆದರೆ ಮುಖಕ್ಕೆ ಹೊಡೆದಂತೆ ಕೇಳಿದ್ದು ಕಾಸರಗೋಡಿನ ಒಂದು ಖಾಸಗಿ ಕಾಲೇಜಿನ ಸ್ಟಾಫ್ ರೂಮಿನಲ್ಲಿ. ನಾನಲ್ಲಿ ಚೀನೀ ಭಾಷೆ ಕಲಿಸುತ್ತಿದ್ದೆ.

ಚೀನೀ ಭಾಷೆ ಎಂದರೆ ಜನ ನಗುತ್ತಾರೆ. ಬಸ್ಸಿನಲ್ಲಿ ಪಕ್ಕ ಕೂತವರು, ನೀವು ಕಾಲೇಜಿನಲ್ಲಿ ಎಂತ ಕಲಿಸುದು ಎಂದು ಕೇಳಿ, ಉತ್ತರ ಸಿಕ್ಕಿದ ಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು. ಮೀಂಜದ ಕಡೆಯ, ಮನೆಯಲ್ಲಿ ತುಳು ಮಾತಾಡುವ ಹೆಂಗಸಿಗೂ ಚೀನಾಕ್ಕೂ ಏನು ಸಂಬಂಧ? ಸಂಬಂಧ ಇಷ್ಟೇ. ನನ್ನ ಗಂಡ ಇಲ್ಲಿಯ ವ್ಯಾಪಾರಿಯೊಬ್ಬರಿಗೆ ಬ್ಯಾಗು, ಕೊಡೆ, ದೀಪದ ಸಾಮಾನು ಖರೀದಿಸಿ ಕಳಿಸುವ ಕೆಲಸದಲ್ಲಿ ಬಹಳ ವರ್ಷ ಅಲ್ಲಿದ್ದರು, ಜೊತೆಗೆ ನಾನೂ ಇದ್ದೆ. ಅವರು ಮಾತಾಡಿ ಕಲಿತರು, ನಾನು ಓದಿ ಕಲಿತೆ. ಮಾತಾಡಲು ನನಗೆ ಅಲ್ಲಿ ಹೆಚ್ಚು ಯಾರೂ ಇರಲಿಲ್ಲ, ಓದಲು ಮಾತ್ರ ಕಣ್ಣು ಹಾಯಿಸಿದಲ್ಲೆಲ್ಲ ಇತ್ತು. ಅಕ್ಕಿ ಚೀಲ, ಮಾತ್ರೆಯ ಪೊಟ್ಟಣ, ಲಿಫ್ಟಿನ ಗೋಡೆಗೆ ಅಂಟಿಸಿದ ಸೂಚನೆ, ಪಕ್ಕದ ಮನೆಯ ಮಗುವಿನ ಒಂದನೇ ಕ್ಲಾಸಿನ ಪಾಠಪುಸ್ತಕ. ಆಮೇಲೆ ಸಂಜೆ ತರಗತಿ ಸೇರಿ ಪರೀಕ್ಷೆಗಳನ್ನೂ ಪಾಸು ಮಾಡಿಕೊಂಡೆ. ಕೊರೋನಾ ಸಮಯದಲ್ಲಿ ಊರಿಗೆ ಬಂದವರು ಮತ್ತೆ ಹೋಗಲಿಲ್ಲ.

ಕಾಲೇಜಿನವರು ನನ್ನನ್ನು ಗೆಸ್ಟ್ ಲೆಕ್ಚರರ್ ಎಂದು ತೆಗೆದುಕೊಂಡರು. ಭಾಷೆಯನ್ನೇ ಮುಖ್ಯ ವಿಷಯವಾಗಿ ಓದುವ ಮಕ್ಕಳಲ್ಲ ಇವರು. ಬಿ.ಕಾಂ., ಬಿ.ಸಿ.ಎ., ಫಿಸಿಕ್ಸ್ ಓದುವವರು, ತಮ್ಮ ಕ್ಲಾಸು ಮುಗಿಸಿ ಮಧ್ಯಾಹ್ನದ ಮೇಲೆ ನನ್ನ ಹತ್ತಿರ ಬರುತ್ತಿದ್ದರು. ಮೊಬೈಲು ರಿಪೇರಿ ಅಂಗಡಿ ಇಡಬೇಕೆನ್ನುವವನು ಒಬ್ಬ, ದುಬಾಯಿಯಲ್ಲಿರುವ ಅಣ್ಣನ ಅಂಗಡಿಗೆ ಚೀನಾದಿಂದಲೇ ಸಾಮಾನು ತರಿಸುವ ಆಸೆಯವಳು ಒಬ್ಬಳು, ಬಸ್ಸಿನ ಹೊತ್ತಿನವರೆಗೆ ಕೂರಲು ಒಂದು ಫ್ಯಾನು ಸಿಕ್ಕಿದರೆ ಸಾಕು ಎಂದು ಬಂದವರು ಹಲವರು. ನನಗೇನೂ ಬೇಸರವಿರಲಿಲ್ಲ. ಫ್ಯಾನಿನ ಗಾಳಿಗೆ ಬಂದವರೂ ಓದಬಹುದು.

ಮೊದಲ ದಿನವೇ ನನಗೆ ಸಿಟ್ಟು ಬಂತು. ಬೋರ್ಡಿನ ಮೇಲೆ ಚೀನೀ ಅಕ್ಷರದಲ್ಲಿ ಒಂದು ಸಾಲು ಬರೆದೆ, ಓದಿದೆ. ಅದರ ಅರ್ಥ ಹೇಳಿರಲೇ ಇಲ್ಲ. ಸೀಮೆಸುಣ್ಣ ಒರೆಸಿಕೊಳ್ಳಲು ತಿರುಗಿದಷ್ಟರಲ್ಲಿ ಇಡೀ ಕ್ಲಾಸು ಒಂದೇ ರಾಗದಲ್ಲಿ ‘ಮನಸ್ಸಿಲಾಯಿ’ ಎಂದಿತು. ಮಲಯಾಳದಲ್ಲಿ, ಅರ್ಥವಾಯಿತು ಎಂದು. ನಾನು ಕೇಳದೆಯೇ ಹೇಳಿದ್ದರು! ಟೀಚರ್ ತಿರುಗಿದರೆ ಹಾಗೆ ಹೇಳಬೇಕು ಎಂದು ಅವರ ಮೈಗೆ ಗೊತ್ತಿತ್ತು. ಅಷ್ಟು ಸಲ ಹೇಳಿದ್ದರು.

ಆ ಪದ ನನಗೆ ಮೈಮೇಲೆ ಬಿಸಿನೀರು ಬಿದ್ದ ಹಾಗೆ. ನಾನು ಓದಿದ್ದು ಕನ್ನಡ ಮಾಧ್ಯಮದ ಶಾಲೆ. ಒಂದು ವರ್ಷ ನಮಗೆ ವಿಜ್ಞಾನ ಹೇಳಿಕೊಡಲು ಬಂದ ಮಾಷ್‌ಗೆ ಕನ್ನಡದ ಒಂದಕ್ಷರ ಬಾರದು. ನಮಗೋ, ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮಲಯಾಳ ಎಂದರೆ ಪೇಟೆಗೆ ಹೋದಾಗ ಕಿವಿಗೆ ಬೀಳುವ ಶಬ್ದ ಅಷ್ಟೆ. ಪಾಪ, ಆ ಮನುಷ್ಯನೂ ಎಲ್ಲಿಂದಲೋ ಬಂದು ಸಿಕ್ಕಿಬಿದ್ದವನು, ಅವನ ಮೇಲೆ ನನಗೆ ಸಿಟ್ಟಿಲ್ಲ. ಕನ್ನಡದ ಮಕ್ಕಳಲ್ಲವೇ, ಹೇಗೋ ಆಗುತ್ತದೆ ಎಂದು ಅವನನ್ನು ನಮ್ಮ ಮುಂದೆ ತಂದು ನಿಲ್ಲಿಸಿದವರ ಮೇಲೆ ಇದೆ, ಇನ್ನೂ ಇಳಿದಿಲ್ಲ. ಮಾಷ್ ಪಾಠದ ಕೊನೆಗೆ ‘ಮನಸ್ಸಿಲಾಯೋ?’ ಎಂದು ಕೇಳುತ್ತಿದ್ದರು. ನಾವು ‘ಮನಸ್ಸಿಲಾಯಿ’ ಎಂದು ಹಾಡುತ್ತಿದ್ದೆವು. ಹಾಡಿದರೆ ಮಾಷ್ ನಗುತ್ತಿದ್ದರು, ಗಂಟೆ ಹೊಡೆಯುತ್ತಿತ್ತು, ಎಲ್ಲರಿಗೂ ಸುಖ. ಆ ಶಬ್ದದ ಅರ್ಥ ನನಗೆ ಗೊತ್ತಾದದ್ದು ಎಷ್ಟೋ ಸಮಯದ ಮೇಲೆ. ಅರ್ಥವಾಗದ ಮಾತಿನಲ್ಲಿ ಅರ್ಥವಾಯಿತು ಎಂದು ಹೇಳಿಕೊಂಡು ಒಂದು ವರ್ಷ ಕಳೆದಿದ್ದೆವು. ಬೆಳಕು ಹೇಗೆ ಬಾಗುತ್ತದೆ ಎನ್ನುವುದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ಹಾಗಾಗಿ ನನ್ನ ಕ್ಲಾಸಿನಲ್ಲಿ ಆ ಪದ ಬೇಡ ಎಂದೆ. ಅದಕ್ಕೆ ಬದಲು ನಮ್ಮ ಮನೆಯ ಒಂದು ಕ್ರಮವನ್ನು ತಂದಿಟ್ಟೆ. ಆಟಿ, ಎಂದರೆ ಆಷಾಢದ ಮಳೆಯ ತಿಂಗಳಲ್ಲಿ ನಮ್ಮ ಜಗಲಿಯಲ್ಲಿ ಪುರಾಣ ಓದಿಸುತ್ತಿದ್ದರು. ಪುಸ್ತಕ ಹಳೆಗನ್ನಡದ್ದು, ಕೇಳುವವರು ತುಳುವಿನವರು. ಒಬ್ಬರು ಒಂದು ಪದ್ಯವನ್ನು ರಾಗವಾಗಿ ಓದಿ ನಿಲ್ಲಿಸುವುದು. ಎದುರು ಕೂತ ಇನ್ನೊಬ್ಬರು ಅದರ ಅರ್ಥ ಹೇಳುವುದು. ಅರ್ಥ ಹೇಳಿ ಮುಗಿಯದೆ ಓದುವವರು ಮುಂದಿನ ಪದ್ಯಕ್ಕೆ ಬಾಯಿ ತೆರೆಯುವಂತಿಲ್ಲ, ಅರ್ಥ ಹೇಳುವವರ ಬಾಯಲ್ಲಿ ವೀಳ್ಯ ಇದ್ದರೆ ಅದನ್ನು ಉಗುಳಿ ಬರುವ ತನಕ ಕಾಯಬೇಕು. ಇದರ ಉಸ್ತುವಾರಿ ನನ್ನ ಅಜ್ಜಿಯದು. ಅಜ್ಜಿಗೆ ಓದು ಬಾರದು, ಆದರೆ ಗೊತ್ತಾಗದ ಕಡೆ ಯಾವ ದೊಡ್ಡ ಮನುಷ್ಯ ಓದುತ್ತಿದ್ದರೂ ‘ಅರ್ಥ ಪನ್ಲೆ’ ಎಂದು ತಡೆಯುತ್ತಿದ್ದರು. ಅರ್ಥ ಹೇಳಿ ಅಂತ. ಇನ್ನೊಂದು ಕಟ್ಟುನಿಟ್ಟೂ ಇತ್ತು. ಅರ್ಥ ಹೇಳುವವರು ತಡವರಿಸಿದರೆ ಪಕ್ಕದಲ್ಲಿ ಕೂತ ಬಲ್ಲವರು ಬಾಯಿ ಹಾಕಬಾರದು. ಯಾರ ಸರದಿಯೋ ಅವರೇ ಹೇಳಬೇಕು, ಉಳಿದವರು ಸುಮ್ಮನೆ ಕೂರಬೇಕು. ಒಮ್ಮೆ ನನ್ನ ಅಪ್ಪನೇ ಬಾಯಿ ಹಾಕಿ, ಅಜ್ಜಿಯಿಂದ ಎಲ್ಲರೆದುರು ಬೈಸಿಕೊಂಡಿದ್ದರು.

ಇದೇ ನನ್ನ ಚೀನೀ ಕ್ಲಾಸಿನ ಪದ್ಧತಿಯಾಯಿತು. ಒಬ್ಬರು ಒಂದು ಸಾಲು ಓದಬೇಕು, ಸರದಿ ಬಂದವರು ಅರ್ಥ ಹೇಳಬೇಕು, ತಮಗೆ ಯಾವ ಭಾಷೆಯಲ್ಲಿ ನಿಜವಾಗಿ ಹೊಳೆಯುತ್ತದೋ ಅದರಲ್ಲಿ. ಮಲಯಾಳ, ತುಳು, ಬ್ಯಾರಿ, ಕೊಂಕಣಿ, ಕನ್ನಡ, ಯಾವುದಾದರೂ ಸರಿ. ಗೊತ್ತಾಗದವರು ಅರ್ಥ ಹೇಳಿ ಎಂದು ನಿಲ್ಲಿಸಬೇಕು. ಮಲಯಾಳದ ಮಕ್ಕಳು ‘ಅರ್ಥಂ ಪರಯಣಂ’ ಎನ್ನುತ್ತಿದ್ದರು. ಮೊದಮೊದಲು ನಾಚಿಕೆ, ಆಮೇಲೆ ಜಗಳ. ಒಬ್ಬ ಹೇಳಿದ ಅರ್ಥ ಇನ್ನೊಬ್ಬನಿಗೆ ಒಪ್ಪಿಗೆಯಾಗದು, ಇಬ್ಬರೂ ಬೋರ್ಡಿನ ಹತ್ತಿರ ಬಂದು ಅಕ್ಷರಕ್ಕೆ ಬೆರಳು ಇಟ್ಟು ವಾದ ಮಾಡುವುದು. ಪಕ್ಕದ ಕ್ಲಾಸಿನವರು ಗಲಾಟೆ ಎಂದು ದೂರು ಕೊಟ್ಟರು. ಓದುವ ಕ್ಲಾಸಿನಲ್ಲಿ ಗಲಾಟೆ ಆಗುತ್ತದೆ ಎಂದು ನನಗೆ ಒಳಗೊಳಗೇ ಜಂಭ.

ಪಠ್ಯಕ್ಕೇನೂ ಬರಗಾಲ ಇರಲಿಲ್ಲ. ಕಾಸರಗೋಡಿನ ಯಾವ ಮನೆಯಲ್ಲಿ ಚೀನೀ ಅಕ್ಷರ ಇಲ್ಲ, ಹೇಳಿ. ಸೊಳ್ಳೆ ಬ್ಯಾಟಿನ ಪೆಟ್ಟಿಗೆ, ಟಾರ್ಚಿನ ಜೊತೆ ಬರುವ ಚೀಟಿ, ಮಕ್ಕಳ ಆಟದ ಕಾರಿನ ಹೊಟ್ಟೆ. ಅದನ್ನೆಲ್ಲ ತರಲು ಹೇಳಿದೆ. ವರ್ಷಗಟ್ಟಲೆ ಮನೆಯ ಮೂಲೆಯಲ್ಲಿ ಬಿದ್ದಿದ್ದ ಪೆಟ್ಟಿಗೆ ಇದ್ದಕ್ಕಿದ್ದಂತೆ ಮಾತಾಡಿದರೆ ಮಕ್ಕಳ ಮುಖ ಹೇಗಾಗುತ್ತದೆ ಎಂದು ನೋಡಿಯೇ ತಿಳಿಯಬೇಕು. ಪೆಟ್ಟಿಗೆಗಳು ಮುಗಿದ ಮೇಲೆ ನಾನೇ ಅರ್ಧ ಪುಟದ ಸಣ್ಣ ಸಣ್ಣ ಕತೆ ಬರೆದು ತರುತ್ತಿದ್ದೆ. ಬಸ್ಸು ತಪ್ಪಿದ ಹೆಂಗಸಿನದು, ಕೊಡೆ ಮರೆತವನದು, ಪಕ್ಕದ ಮನೆಯವರದು.

ಆ ಪಕ್ಕದ ಮನೆಯವರ ಕತೆಯ ದಿನ ಕೊನೆಯ ಬೆಂಚಿನ ಹುಡುಗಿ ಬಾಯಿ ಬಿಟ್ಟಳು. ಬಿ.ಕಾಂ. ಮೂರನೇ ವರ್ಷದವಳು, ನಮ್ಮ ಕಡೆಯವಳೇ. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಅಲ್ಲಿಂದ ಇಂಗ್ಲಿಷು ಮಲಯಾಳ ಕಲಸಿ ಹೇಳುವ ಕ್ಲಾಸುಗಳಿಗೆ ಬಂದು ಬಿದ್ದು, ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಮಲಯಾಳ ಕೇಳಿದರೆ ತಿಳಿಯುತ್ತಿತ್ತು, ಆಡಲು ನಾಚಿಕೆ, ಲಿಪಿಯನ್ನು ಕೂಡಿಸಿ ಕೂಡಿಸಿ ಓದಬೇಕು. ಇವಳು ಮೂಕಿ ಎಂದೇ ತಿಳಿದಿದ್ದೆವು ಎಂದು ಅವಳ ಕ್ಲಾಸಿನವರೇ ನನ್ನ ಹತ್ತಿರ ಹೇಳಿದ್ದುಂಟು. ಕತೆಯಲ್ಲಿ ಪಕ್ಕದ ಮನೆಯಾಕೆ ದಾರಿಯಲ್ಲಿ ಸಿಕ್ಕಿ, ಊಟ ಆಯಿತಾ ಎಂದು ಕೇಳುತ್ತಾಳೆ. ಕತೆಯ ಹೆಂಗಸು ಆಗಲಿಲ್ಲ ಎನ್ನುತ್ತಾಳೆ, ಪಕ್ಕದ ಮನೆಯಾಕೆ ಸರಿ ಎಂದು ಹೊರಟೇ ಹೋಗುತ್ತಾಳೆ. ಸರದಿ ಬಂದ ಹುಡುಗ ಪದಕ್ಕೆ ಪದ ಅರ್ಥ ಹೇಳಿ, ಇದೆಂಥ ಹೆಂಗಸು ಟೀಚರ್, ಊಟ ಆಗಲಿಲ್ಲ ಅಂದರೂ ಬಾ ಅನ್ನಲಿಲ್ಲವಲ್ಲ ಎಂದು ತಕರಾರು ತೆಗೆದ. ಕ್ಲಾಸೆಲ್ಲ ಅವನ ಕಡೆಗೆ. ಆಗ ಹಿಂದಿನಿಂದ ಒಂದು ಸಣ್ಣ ಸ್ವರ ಬಂತು.

“ಒಣಸ್ ಆಂಡಾ, ಅಷ್ಟೇ ಟೀಚರ್. ಅದು ಊಟಕ್ಕೆ ಕರೀಲಿಕ್ಕೆ ಕೇಳುದಲ್ಲ. ಸಿಕ್ಕಿದ್ದಕ್ಕೆ ಮಾತಾಡ್ಸುದು.”

ಅಷ್ಟೇ. ತುಳುವಿನ ಎರಡು ಪದ, ಊಟ ಆಯಿತಾ ಅಂತ, ದಾರಿಯಲ್ಲಿ ಯಾರು ಸಿಕ್ಕಿದರೂ ನಾವು ಕೇಳುವುದು ಅದನ್ನೇ, ಚೀನಾದ ನನ್ನ ಪಕ್ಕದ ಮನೆಯ ಮುದುಕಿ ಕೇಳುತ್ತಿದ್ದದ್ದೂ ಅದನ್ನೇ. ಆ ಹುಡುಗ ತಲೆ ಕೆರೆದುಕೊಂಡು, ಹೌದಲ್ಲ ಮಾರಾಯ್ತಿ, ನಮ್ಮಲ್ಲಿಯೂ ಕೇಳ್ತಾರೆ ಎಂದ. ಎಲ್ಲರೂ ಹಿಂದೆ ತಿರುಗಿ ಅವಳನ್ನು ನೋಡಿದರು. ಅವಳು ಕೆಂಪಾದಳು, ಆದರೆ ತಲೆ ತಗ್ಗಿಸಲಿಲ್ಲ. ಆ ದಿನದ ನಂತರ ಅವಳ ಬೆಂಚು ವಾರಕ್ಕೊಂದು ಸಾಲು ಮುಂದೆ ಬಂತು. ಎಲ್ಲರೂ ಸೊನ್ನೆಯಿಂದ ಹೊರಟ ಭಾಷೆ ಅವಳ ಪಾಲಿಗೆ ಅದೊಂದೇ. ಅಲ್ಲಿ ಅವಳು ಯಾರಿಗಿಂತಲೂ ಹಿಂದೆ ಇರಲಿಲ್ಲ.

ಇಷ್ಟು ಚೆನ್ನಾಗಿ ನಡೆಯುತ್ತಿದ್ದದ್ದು ಕೋಆರ್ಡಿನೇಟರ್ ಕಣ್ಣಿಗೆ ಬಿತ್ತು. ಈ ಹೆಚ್ಚುವರಿ ಕೋರ್ಸುಗಳನ್ನೆಲ್ಲ ನೋಡಿಕೊಳ್ಳುವ ಮನುಷ್ಯ, ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ಯಾವಾಗಲೂ ಫೋನು. ಕಾಲೇಜಿಗೆ ದರ್ಜೆ ಕೊಡಲು ತೆಂಕಣ ಕೇರಳದಿಂದ ಒಂದು ತಂಡ ಬರುವುದಿತ್ತು, ಅವರ ಮುಂದೆ ಚೀನೀ ಭಾಷೆ ತೋರಿಸಬೇಕಿತ್ತು. ನಾನು ಸಂತೋಷದಿಂದಲೇ ಒಪ್ಪಿದೆ. ಇಬ್ಬರು ಮಕ್ಕಳು ಒಂದು ಪುಟ ಓದಲಿ, ಇಬ್ಬರು ಅರ್ಥ ಹೇಳಲಿ, ಬಂದವರು ಬೇಕಾದರೆ ಬೇರೆ ಪುಟ ಕೊಡಲಿ ಎಂದೆ. ಅರ್ಥ ಹೇಳುವವರಲ್ಲಿ ಆ ಹುಡುಗಿಯ ಹೆಸರು ಮೊದಲು ಕೊಟ್ಟೆ. ಕಾಲೇಜಿನ ಸ್ಟೇಜಿನಲ್ಲಿ ಅವಳ ಸ್ವರ ಅದೇ ಮೊದಲು ಕೇಳಿಸುವುದಿತ್ತು. ಅವಳಿಗೆ ಹೇಳಿದಾಗ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು, ತುಳುವಿನಲ್ಲೇ ಹೇಳಬಹುದಾ ಟೀಚರ್ ಅಂತ. ಹೇಳಬಹುದು ಎಂದೆ.

ಕೋಆರ್ಡಿನೇಟರ್ ಚಾ ಕುಡಿಯುತ್ತ ನಕ್ಕರು. ಅವರು ಹೇಳಿದ್ದು ಮಲಯಾಳದಲ್ಲಿ, ಅದರ ಸಾರ ಇಷ್ಟು: ಓದುವುದು, ಅರ್ಥ ಹೇಳುವುದು ಎಲ್ಲ ಭಾಷೆಯನ್ನೇ ಕಲಿಯುವ ಮಕ್ಕಳಿಗೆ. ಇವರು ಕಾಮರ್ಸಿನವರು, ಕಂಪ್ಯೂಟರಿನವರು. ಇವರಿಗೆ ನಾಲ್ಕು ಮಾತು ಸಾಕು ಟೀಚರೇ, ಕೇಳಲು ಚಂದ ಇದ್ದರೆ ಆಯಿತು. ನಾನು ಹೇಳಿದೆ, ನಾಲ್ಕು ಮಾತು ಬೇಕಾದರೆ ಫೋನೇ ಆಡುತ್ತದೆ, ಓದುವವರು ಬೇಕಾದದ್ದು ಫೋನು ಆಡಿದ್ದು ಸರಿಯೋ ಎಂದು ನೋಡಲಿಕ್ಕೆ ಅಂತ. ಅವರು ಅಷ್ಟರಲ್ಲಿ ಫೋನು ನೋಡುತ್ತಿದ್ದರು.

ಮರುವಾರ ಮಕ್ಕಳ ಕೈಯಲ್ಲಿ ಒಂದೊಂದು ಹಾಳೆ. ಕೋಆರ್ಡಿನೇಟರ್ ಎಲ್ಲಿಂದಲೋ ಒಂದು ವಿಡಿಯೋ ತೆಗೆದು, ಅದರಲ್ಲಿ ಕೇಳಿದ ಚೀನೀ ಮಾತನ್ನು ಕೇಳಿದ ಹಾಗೆ ಮಲಯಾಳ ಲಿಪಿಯಲ್ಲಿ ಬರೆಸಿ, ಫೋಟೋಕಾಪಿ ಮಾಡಿ ಹಂಚಿದ್ದರು. ಅದನ್ನು ಬಾಯಿಪಾಠ ಮಾಡಿ, ಕೈ ಜೋಡಿಸಿ, ಒಟ್ಟಿಗೆ ಹೇಳಬೇಕು. ಸ್ವಾಗತವಂತೆ. ಸೆಮಿನಾರ್ ಹಾಲಿನಲ್ಲಿ ಅವರೇ ಚಪ್ಪಾಳೆ ತಟ್ಟಿ ತಾಳ ಹಾಕಿ ಅಭ್ಯಾಸ ಮಾಡಿಸುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಕೇಳಿದೆ. ಬೋರ್ಡಿಗೆ ಬೆರಳಿಟ್ಟು ಜಗಳಾಡುತ್ತಿದ್ದ ನನ್ನ ಮಕ್ಕಳು, ಅಂಗನವಾಡಿಯ ಪದ್ಯದ ಹಾಗೆ ಮೈ ತೂಗುತ್ತ ಹೇಳುತ್ತಿದ್ದರು. ಮೊದಲ ಸಲ ನನಗೇ ಏನೂ ಗೊತ್ತಾಗಲಿಲ್ಲ. ಚೀನೀ ಭಾಷೆಯ ಜೀವ ಇರುವುದು ಸ್ವರದ ಏರಿಳಿತದಲ್ಲಿ, ಹಾಳೆಯಲ್ಲಿ ಅದೊಂದೂ ಇರಲಿಲ್ಲ. ಎರಡನೇ ಸಲ ಕಿವಿಗೊಟ್ಟು ಕೇಳಿದಾಗ ತಿಳಿಯಿತು, ಅವರು ಹೇಳುತ್ತಿದ್ದದ್ದು ಇದು: ನನ್ನ ಕೋಣೆಯಲ್ಲಿ ಬಿಸಿನೀರು ಬರುತ್ತಿಲ್ಲ. ಕೂಡಲೇ ಯಾರನ್ನಾದರೂ ಕಳಿಸಿ. ನನಗೆ ಬೇರೆ ಕೋಣೆ ಬೇಕು. ಇದು ಹೋಟೆಲಿನಲ್ಲಿ ದೂರು ಕೊಡುವ ಮಾತು.

ನಗು ಬರಲಿಲ್ಲ ನನಗೆ. ಅಭ್ಯಾಸ ಮುಗಿದ ಮೇಲೆ ಕೋಆರ್ಡಿನೇಟರನ್ನು ಬದಿಗೆ ಕರೆದು, ಇದು ಸ್ವಾಗತವಲ್ಲ, ಅರ್ಥ ಹೀಗೆ ಎಂದು ಹೇಳಿದೆ. ವಿಡಿಯೋದಲ್ಲಿ ಯೂನಿಫಾರ್ಮಿನ ಹುಡುಗಿ ಬಗ್ಗಿ ನಮಸ್ಕಾರ ಮಾಡಿ ನಗುತ್ತಾಳಲ್ಲ ಎಂದು ಅವರು ಕೇಳಿದರು. ಅವಳು ದೂರು ಕೇಳಿಸಿಕೊಳ್ಳುವವಳು ಎಂದೆ. ಅವರು ಭುಜ ಕುಣಿಸಿ, ಬಂದವರಿಗೆ ಯಾರಿಗೆ ಗೊತ್ತಾಗುತ್ತದೆ ಟೀಚರೇ, ಮಕ್ಕಳಿಗೆ ಬಾಯಿಪಾಠ ಆಗಿದೆ, ಈಗ ಬದಲಾಯಿಸಲಾಗದು ಎಂದರು. ಪ್ರಿನ್ಸಿಪಾಲರ ಹತ್ತಿರ ಹೋದೆ. ಅವರು ಒಳ್ಳೆಯ ಮನುಷ್ಯ, ಯಾವ ವಿಷಯಕ್ಕೂ ‘ನೋಡೋಣ’ ಎನ್ನುವವರು. ನೋಡೋಣ ಎಂದರು. ಯಾರಿಗೆ ಗೊತ್ತಾಗುತ್ತದೆ! ಮಾತಿನ ಒಳಗೆ ಏನಿದೆ ಎನ್ನುವುದು ಲೆಕ್ಕಕ್ಕೇ ಇಲ್ಲದವರು ಮಕ್ಕಳಿಗೆ ಮಾತು ಕಲಿಸಲು ಹೊರಟಿದ್ದರು. ಬಸ್ಸಿನಲ್ಲಿ ಮನೆಗೆ ಬರುವಾಗ ನಾನು ಒಬ್ಬಳೇ ಗೊಣಗುತ್ತಿದ್ದೆನಂತೆ. ಪಕ್ಕದಲ್ಲಿದ್ದವರು ಎದ್ದು ಬೇರೆ ಸೀಟಿಗೆ ಹೋದರು.

ಆಮೇಲೆ ನಾನು ಅಭ್ಯಾಸದ ಕಡೆ ಹೋಗಲಿಲ್ಲ. ಮಕ್ಕಳು ಬಂದು, ಬೇಜಾರು ಮಾಡಬೇಡಿ ಟೀಚರ್, ಸಾರ್ ಮಾರ್ಕ್ ಕೊಡುವವರು ಎಂದು ಮೆತ್ತಗೆ ಹೇಳಿದರು. ಮಕ್ಕಳ ಮೇಲೆ ಬೇಜಾರು ಮಾಡಲು ಏನಿತ್ತು? ಶಾಲೆಯಲ್ಲಿ ನಾವು ಮಾಡಿದ್ದೂ ಅದನ್ನೇ ತಾನೇ.

ಆ ಹುಡುಗಿ ಮಾತ್ರ ಆ ಗುಂಪಿನಲ್ಲಿ ಉಳಿಯಲಿಲ್ಲ. ಹಾಳೆಯ ಮಲಯಾಳ ಲಿಪಿಯನ್ನು ಉಳಿದವರಷ್ಟು ಬೇಗ ಓದಲಾಗದೆ ಅವಳು ತಾಳ ತಪ್ಪಿದಳು. ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ ಎಂದು ಕೇಳಿದ್ದಕ್ಕೆ, ಅದಕ್ಕೆಲ್ಲ ಸಮಯ ಇಲ್ಲ, ನೀನು ತಾಲಪ್ಪೊಲಿಗೆ ಸೇರು ಎಂದರಂತೆ ಕೋಆರ್ಡಿನೇಟರ್. ದೀಪ, ಅಕ್ಕಿ, ಹೂವಿಟ್ಟ ತಟ್ಟೆ ಹಿಡಿದು ಸಾಲಾಗಿ ನಿಂತು ಅತಿಥಿಗಳನ್ನು ಎದುರುಗೊಳ್ಳುವ ಹುಡುಗಿಯರ ಗುಂಪು ಅದು. ಅಲ್ಲಿ ಬಾಯಿ ಬೇಡ.

ಇದನ್ನು ನನಗೆ ಹೇಳಿದವಳು ಅವಳೇ, ಬಸ್ ಸ್ಟ್ಯಾಂಡಿನಲ್ಲಿ. ಅತ್ತುಕೊಂಡು ಹೇಳಿದ್ದರೆ ನನಗೆ ಇಷ್ಟು ಚುಚ್ಚುತ್ತಿರಲಿಲ್ಲ. ಟೈಮ್ ಎಷ್ಟಾಯಿತು ಎಂದು ಹೇಳುವ ಹಾಗೆ ಹೇಳಿದಳು.

“ಇನ್ನು ಕ್ಲಾಸಿಗೆ ಬರುದಿಲ್ಲ ಟೀಚರ್. ತಲೆ ಆಡಿಸ್ಲಿಕ್ಕೆ ನನಗೆ ಬೇರೆ ಕ್ಲಾಸುಗಳು ಉಂಟು. ಇಲ್ಲಿ ಒಂದು ಕಡೆ ಆಡಿಸುದು ಬೇಡ ಅಂತ ಇತ್ತು.”

ಆ ತಂಡ ಬಂದು ಹೋಗಲಿ, ಆಮೇಲೆ ಮೊದಲಿನ ಹಾಗೆಯೇ ನಡೆಸುತ್ತೇನೆ ಎಂದೆ. ಅವಳು ತಲೆ ಆಡಿಸಿದಳು. ಕೊನೆಯ ಬೆಂಚಿನ ಕಾಲದ ಅದೇ ತಲೆಯಾಡಿಸುವಿಕೆ. ಅವಳಿಗೆ ನನ್ನ ಮಾತಿನಲ್ಲಿ ನಂಬಿಕೆ ಇಲ್ಲ ಎಂದು ನನಗೆ ಗೊತ್ತಾಯಿತು, ನಂಬಲು ಕಾರಣವಾದರೂ ಏನಿತ್ತು? ತಲಪಾಡಿ ಬಸ್ಸು ಬಂತು, ಹತ್ತಿ ಹೋದಳು. ಅಷ್ಟು ಕಷ್ಟದಲ್ಲಿ ತೆರೆದ ಬಾಯಿಯನ್ನು ಒಂದು ಫೋಟೋಕಾಪಿ ಹಾಳೆ ಮುಚ್ಚಿಸಿತ್ತು. ಇನ್ನು ಅದು ತೆರೆಯುವುದಿಲ್ಲ ಎಂದೇ ನಾನು ಎಣಿಸಿದೆ. ಮನೆಗೆ ಬಂದು ಗಂಡನ ಮೇಲೆ ಕಾರಣವಿಲ್ಲದೆ ಹಾರಾಡಿದೆ.

ತಂಡ ಬಂದ ದಿನ ಕಾಲೇಜು ಮದುವೆ ಮನೆಯ ಹಾಗೆ ಇತ್ತು. ಗೇಟಿನಿಂದ ಹಾಲಿನ ತನಕ ಜರಿಯಂಚಿನ ಬಿಳಿ ಸೆಟ್ ಸೀರೆಯುಟ್ಟ ಹುಡುಗಿಯರು ತಟ್ಟೆ ಹಿಡಿದು ನಿಂತಿದ್ದರು. ಅವರಲ್ಲಿ ಇವಳೂ ಒಬ್ಬಳು. ಬಂದವರು ಮೂವರು, ಅವರಲ್ಲಿ ಒಬ್ಬರು ನರೆಗೂದಲಿನ ಹೆಂಗಸು, ಎಲ್ಲೋ ಗಣಿತ ಕಲಿಸಿ ನಿವೃತ್ತರಾದವರಂತೆ. ಮೂವರೂ ಅತ್ತಿತ್ತ ನೋಡದೆ ಸಾಲಿನ ನಡುವೆ ನಡೆದು ಹೋದರು. ತಟ್ಟೆ ಹಿಡಿದವರು ಹಿಂದಿನಿಂದ ಬಂದು ಹಾಲಿನ ಪಕ್ಕದ ಬಾಗಿಲ ಬಳಿ ನಿಂತರು, ಕಾರ್ಯಕ್ರಮ ಮುಗಿದು ಹೊರಡುವಾಗ ಮತ್ತೆ ಬೇಕಲ್ಲ. ನನಗೆ ಎರಡನೇ ಸಾಲಿನಲ್ಲಿ ಕುರ್ಚಿ ಕೊಟ್ಟಿದ್ದರು.

ಪರದೆ ಸರಿಯಿತು. ನನ್ನ ಮಕ್ಕಳು ಮೂರು ಸಾಲಾಗಿ ನಿಂತು, ಕೈ ಜೋಡಿಸಿ, ಹಲ್ಲು ಕಾಣುವಂತೆ ನಕ್ಕು, ಕೋಣೆಯಲ್ಲಿ ಬಿಸಿನೀರಿಲ್ಲ ಎಂದು ಒಕ್ಕೊರಲಿನಲ್ಲಿ ಹಾಡಿದರು. ಕೂಡಲೇ ಯಾರನ್ನಾದರೂ ಕಳಿಸಬೇಕೆಂದರು. ಬೇರೆ ಕೋಣೆ ಬೇಕೆಂದು ಮೂರು ಸಲ ತಲೆ ಬಾಗಿ ಕೇಳಿದರು. ಬಂದವರು ಪ್ರತಿ ನಮಸ್ಕಾರ ಮಾಡಿದರು. ಚಪ್ಪಾಳೆಯೋ ಚಪ್ಪಾಳೆ. ಪ್ರಿನ್ಸಿಪಾಲರೂ ತಟ್ಟಿದರು. ನಾನು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡೆ.

ಕೋಆರ್ಡಿನೇಟರ್ ಹಾಳೆ ಹಿಡಿದುಕೊಂಡೇ ಮೈಕಿನ ಹತ್ತಿರ ಬಂದರು. ಇದು ತಾವೇ ರೂಪಿಸಿದ ಹೊಸ ಪದ್ಧತಿ, ವ್ಯಾಕರಣದ ಭಾರವಿಲ್ಲ, ಓದಿನ ಕಾಟವಿಲ್ಲ, ಭಾಷೆಯ ವಿದ್ಯಾರ್ಥಿಗಳಲ್ಲದವರೂ ಕೆಲವೇ ದಿನಗಳಲ್ಲಿ ಹೀಗೆ ನಿರರ್ಗಳವಾಗಿ ಮಾತಾಡುತ್ತಾರೆ ಎಂದರು. ಮಕ್ಕಳು ಬರೀ ಬಾಯಿಪಾಠ ಮಾಡಿದ್ದಲ್ಲ, ಎಲ್ಲ ತಿಳಿದೇ ಹೇಳಿದ್ದು ಎಂದರು. ಎಂದು, ಸ್ಟೇಜಿನ ಕಡೆ ತಿರುಗಿ, ಮಕ್ಕಳನ್ನು ಮೈಕಿನಲ್ಲೇ ಕೇಳಿದರು.

“ಮನಸ್ಸಿಲಾಯೋ?”

“ಮನಸ್ಸಿಲಾಯಿ,” ಎಂದಿತು ಸ್ಟೇಜು. ಎಂಥ ಇಂಪು! ನನ್ನ ಶಾಲೆಯ ಗಂಟೆ ಕಿವಿಯಲ್ಲಿ ಹೊಡೆಯಿತು.

ಎರಡನೇ ಸುತ್ತು ಚಪ್ಪಾಳೆ ಶುರುವಾಗಬೇಕು, ಆಗ ಪಕ್ಕದ ಬಾಗಿಲ ಕಡೆಯಿಂದ ಸ್ವರ ಬಂತು. ಮಲಯಾಳದಲ್ಲಿ. ಆ ಹುಡುಗಿಯ ಬಾಯಲ್ಲಿ ಆ ಭಾಷೆಯನ್ನು ನಾನಾಗಲಿ, ಅವಳ ಕ್ಲಾಸಿನವರಾಗಲಿ ಅಲ್ಲಿಯ ತನಕ ಕೇಳಿರಲಿಲ್ಲ.

“ಎನಿಕ್ಕ್ ಮನಸ್ಸಿಲಾಯಿಲ್ಲ, ಸಾರ್. ಅರ್ಥಂ ಪರಯಣಂ.”

ನನಗೆ ಅರ್ಥವಾಗಲಿಲ್ಲ, ಅರ್ಥ ಹೇಳಬೇಕು. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಿಂದ ಎರಡು ಹೆಜ್ಜೆ ಒಳಗೆ ಬಂದು ನಿಂತಿದ್ದಳು. ತಟ್ಟೆಯ ಅಕ್ಕಿ ಸ್ವಲ್ಪ ಚೆಲ್ಲಿತು. ಆದರೆ ಸ್ವರ ಕೊನೆಯ ಬೆಂಚಿನ ತನಕ ಕೇಳುವಷ್ಟು ಜೋರಾಗಿತ್ತು. ಅವಳಿಗೆ ಆ ಸಾಲುಗಳ ಅರ್ಥ ಗೊತ್ತಿತ್ತೋ ಇಲ್ಲವೋ ನಾನು ಇಂದಿಗೂ ಕೇಳಿಲ್ಲ. ನಮ್ಮ ಕ್ಲಾಸಿನಲ್ಲಿ ಅದನ್ನು ಕೇಳುವ ಕ್ರಮ ಇಲ್ಲ. ನಿಲ್ಲಿಸಿದರೆ ಅರ್ಥ ಹೇಳಲೇಬೇಕು.

ಕೋಆರ್ಡಿನೇಟರ್ ನಕ್ಕು, ಮಗಳನ್ನು ಕರೆದ ಹಾಗೆ, ಆಮೇಲೆ ಹೇಳೋಣ ಮೋಳೇ ಎಂದರು. ಸ್ಟೇಜಿನ ಮೇಲಿದ್ದ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗ, ಊಟಕ್ಕೆ ಕರೆಯಲಿಲ್ಲವೆಂದು ತಕರಾರು ತೆಗೆದಿದ್ದನಲ್ಲ ಅವನು, ಜೋಡಿಸಿದ್ದ ಕೈ ಕೆಳಗಿಳಿಸಿ, “ಅರ್ಥಂ ಪರಯಣಂ, ಸಾರ್,” ಎಂದ. ಅವನ ಹಿಂದಿನಿಂದ ಇನ್ನೊಂದು ಸ್ವರ, ಅದರ ಹಿಂದೆ ಮತ್ತೊಂದು. ಗಲಾಟೆಯಲ್ಲ, ರಾಗವೂ ಅಲ್ಲ, ಒಬ್ಬೊಬ್ಬರೇ, ತಮ್ಮ ತಮ್ಮ ಸ್ವರದಲ್ಲಿ.

ನರೆಗೂದಲಿನ ಹೆಂಗಸು ಕನ್ನಡಕ ತೆಗೆದು ಒರೆಸಿ ಮತ್ತೆ ಇಟ್ಟುಕೊಂಡು, ಹಾಳೆ ಹಿಡಿದು ನಿಂತ ಕೋಆರ್ಡಿನೇಟರ್ ಕಡೆ ತಿರುಗಿದರು. ಸರದಿ ಅವರದು, ಅಜ್ಜಿಯ ಕಟ್ಟುನಿಟ್ಟಿನಂತೆ, ಬಲ್ಲವಳಾದರೂ ನಾನು ಬಾಯಿ ಹಾಕಲಿಲ್ಲ.